ಒಂದೇ ಬಣ್ಣದ ಬಾಗಿಲುಗಳು

ಗಂಗಕ್ಕ, ಅವರು ಬಂದಿದ್ದರು. ನೀವು ವರ್ಷಗಟ್ಟಲೆ ದಾರಿ ಕಾದ ನಿಮ್ಮ ಯಜಮಾನರು ಒಂದು ಸಂಜೆ ಹುಮನಾಬಾದಿನ ನಮ್ಮ ಪೇಟೆಗೆ ಬಂದು, ನಿಮ್ಮ ಅಂಗಡಿ ಎಲ್ಲಿ ಎಂದು ನನ್ನನ್ನೇ ಕೇಳಿದರು. ಅಂಥ ಅಂಗಡಿ ಇಲ್ಲಿ ಯಾವತ್ತೂ ಇರಲಿಲ್ಲ ಎಂದೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಬಸ್ ನಿಲ್ದಾಣ ದೊಡ್ಡ ರಸ್ತೆಗೆ ಹೋದ ಮೇಲೆ ನಾವೆಲ್ಲ ಹಳೆಯ ಪೇಟೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದೆವು. ಆಗ ಅಂಗಡಿಕಾರರನ್ನು ಒಟ್ಟುಗೂಡಿಸಿದವನು ನಾನು, ಬಟ್ಟೆ ಅಂಗಡಿಯ ಶಿವರಾಜ. ಪ್ರತಿ ಅಂಗಡಿಯಿಂದ ತಿಂಗಳಿಗಿಷ್ಟು ಹಣವೆಂದು ಪಟ್ಟಿ ಎತ್ತಿ ಬೀದಿ ಗುಡಿಸಲು ಆಳು ಇಟ್ಟೆವು, ಪೇಟೆಯ ಬಾಯಲ್ಲಿ ಕಾವಲುಗಾರನನ್ನು ಕೂರಿಸಿದೆವು, ಬಾಗಿಲು ಬಾಗಿಲಿಗೆ ಬಲ್ಬು ಹಾಕಿಸಿದೆವು. ಎಲ್ಲ ಬಾಗಿಲಿಗೂ ಒಂದೇ ಹಸಿರು ಬಣ್ಣ. ಹುಡಗಿ, ಕೊಡಂಬಲದಂಥ ಸುತ್ತಲಿನ ಊರುಗಳ ಜನ ಬೆಳಕು ನೋಡಲೆಂದೇ ಬರತೊಡಗಿದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ — ಈಗ ಸುಳ್ಳು ಯಾಕೆ ಹೇಳಲಿ.

ನಡುವೆ, ನನ್ನ ಅಂಗಡಿಯ ಗೋಡೆಗೆ ಅಂಟಿದ ನಿಮ್ಮ ಬಳೆ ಅಂಗಡಿಯೊಂದೇ ಮಬ್ಬು. ಪಟ್ಟಿಯನ್ನು ಎಲ್ಲರಿಗಿಂತ ಮೊದಲು ಕೊಟ್ಟಿರಿ. ಆದರೆ ಬಣ್ಣ ಬೇಡ, ಬಲ್ಬು ಬೇಡ, ಹೊಸ್ತಿಲ ಪಕ್ಕದ ಗೂಡಿನಲ್ಲಿ ಎಣ್ಣೆ ದೀಪ ಇರಲಿ ಎಂದಿರಿ. ನಮ್ಮ ಸೀಮೆ ಮೈಸೂರಿಗೆ ಸೇರುವ ಮೊದಲಿನ ಲೂಟಿ, ಗದ್ದಲದ ಕಾಲದಲ್ಲಿ ಬಳೆ ತರಲು ಹೋದ ಯಜಮಾನರು ತಿರುಗಿ ಬಂದಿರಲಿಲ್ಲ. ಹೆಸರು ಹೇಳದೆ, ಎಡಗಿವಿಯ ತುದಿ ಹರಿದದ್ದೇ ಅವರ ಗುರುತೆಂದು ಎಲ್ಲರಿಗೂ ಹೇಳಿಟ್ಟಿದ್ದಿರಿ.

"ಎಲ್ಲಾ ಬಾಗಲಾ ಒಂದೇ ಥರಾ ಆದ್ರ ಅವ್ರಿಗಿ ನಮ್ಮ ಅಂಗಡಿ ಗುರ್ತ ಹ್ಯಾಂಗ ಹತ್ತಬೇಕ್ರಿ, ಸಾವಕಾರ್ರ?"

ನನಗೆ ಆ ದೀಪ ಕಣ್ಣಿನ ಕಸವಾಯಿತು. ಹಳ್ಳಿಖೇಡದ ತಾಯಿಯೊಬ್ಬಳು ಮಗಳ ಲಗ್ನದ ಬಟ್ಟೆಗೆ ಬಂದಾಗ ದನಿ ತಗ್ಗಿಸಿ ಹೇಳಿದೆ: "ಅಕಿ ಗಂಡ ಇದ್ದಾನೋ ಸತ್ತಾನೋ ಯಾರಿಗಿ ಗೊತ್ತರಿ? ಮದುಮಗಳಿಗಿ ಅಕಿ ಕೈಲೆ ಬಳಿ ಇಡಸಬ್ಯಾಡ್ರಿ." ಅಷ್ಟೇ ಸಾಕಾಯಿತು. ಬಳೆ ಇಡಿಸಿಕೊಂಡು ನಿಮ್ಮ ಕೈಗೆ ನಮಸ್ಕರಿಸಿ ಹೋಗುತ್ತಿದ್ದ ಹೆಣ್ಣುಮಕ್ಕಳು ಆಚೆ ಬದಿಯಿಂದ ನಡೆಯತೊಡಗಿದರು. ನೀವು ಕಲ್ಯಾಣಕ್ಕೆ, ತಂಗಿಯ ಮನೆಗೆ ಹೋದಿರಿ. ನಾನು ಗೂಡು ಮುಚ್ಚಿ ಗಾರೆಯ ಗಿಲಾವು ಮಾಡಿಸಿ, ನಡುಗೋಡೆ ಒಡೆದು ನಿಮ್ಮ ಅಂಗಡಿಯನ್ನು ನನ್ನದರಲ್ಲಿ ಸೇರಿಸಿಕೊಂಡೆ.

ಹಸಿರು ಬಳಿದು ಆ ಬಾಗಿಲಿಗೆ ಹಾಕಿಸಿದ ಬಲ್ಬು ಮಾತ್ರ ನೆಟ್ಟಗೆ ಉರಿಯಲಿಲ್ಲ. ತಂತಿ ಬದಲಿಸಿದೆವು, ಬಲ್ಬು ಬದಲಿಸಿದೆವು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅದು ಮಂಕಾಗುತ್ತಿತ್ತು.

ಅಂಥದೇ ಹೊತ್ತಿನಲ್ಲಿ ಅವರು ಬಂದರು. ಒಂದೊಂದು ಹಸಿರು ಬಾಗಿಲ ಮುಂದೆಯೂ ನಿಂತು, ಹೊಸ್ತಿಲ ಪಕ್ಕದ ಗೋಡೆಯನ್ನು ಅಂಗೈಯಿಂದ ತಡವುತ್ತಿದ್ದರು. ಹೆಗಲಿಗೆ ಗಾಜಿನ ಬಳೆಗಳ ಸರ. ನಡೆದರೂ ಅದು ಸದ್ದು ಮಾಡುತ್ತಿರಲಿಲ್ಲ — ನನಗೆ ಮೊದಲು ಭಯವಾದದ್ದು ಅದಕ್ಕೇ. ಆಮೇಲೆ ಎಡಗಿವಿ ನೋಡಿದೆ.

"ಬಳಿ ಅಂಗಡಿ, ಎಣ್ಣಿ ದೀಪದ್ದು, ಇಲ್ಲೇ ಇತ್ತಲ್ರಿ?"

ಅವರು ಬದುಕಿದ್ದರೆ ನಾನಾಡಿದ ಮಾತು ಸುಳ್ಳಾಗುತ್ತದೆ, ಅಂಗಡಿ ಬಿಡಬೇಕಾಗುತ್ತದೆ — ಇಷ್ಟೇ ನನ್ನ ತಲೆಗೆ ಬಂದದ್ದು. "ಅಂಥಾ ಅಂಗಡಿ ಇಲ್ಲಿ ಯಾವತ್ತೂ ಇದ್ದಿಲ್ರಿ" ಎಂದೆ. ಅವರು ನನ್ನ ಹೊಸ ಗಿಲಾವಿನ ಮೇಲೆ ಒಂದು ಸಲ ಕೈ ಇಟ್ಟರು. ಹಿಂತಿರುಗಿ ಹೋದರು. ಕಾವಲುಗಾರನನ್ನು ಕೇಳಿದರೆ, "ಯಾರೂ ಒಳಗ ಬಂದಿಲ್ರಿ, ನಾ ಇಲ್ಲೇ ಕೂತೀನಿ" ಎಂದ.

ಅವರು ಬದುಕಿ ಬಂದಿದ್ದರೋ, ಸತ್ತು ಬಂದಿದ್ದರೋ — ನನ್ನ ಉತ್ತರ ಎರಡಕ್ಕೂ ಅದೇ ಆಗುತ್ತಿತ್ತು.

ನಿದ್ದೆ ಹಾರಿಹೋಯಿತು. ಹೇಳಿಬಿಡಬೇಕೆಂದೇ ಕಲ್ಯಾಣದ ಬಸ್ಸು ಹತ್ತಿದೆ. ತಂಗಿಯ ಮನೆಯ ಬಾಗಿಲಲ್ಲೂ ನಿಮ್ಮ ಎಣ್ಣೆ ದೀಪ ಉರಿಯುತ್ತಿತ್ತು. ನೀವು ಬೈಯಲಿಲ್ಲ. ನೀರು ಕೊಟ್ಟು, "ಯಾರರ ನನ್ನ ಕೇಳಕೋತ ಬಂದಿದ್ರೇನ್ರಿ?" ಎಂದಿರಿ. ನನ್ನ ಬಾಯಿ ತೆರೆದಿತ್ತು, ಗಂಗಕ್ಕ. ಅದರಿಂದ ಹೊರಟದ್ದು "ಇಲ್ಲ."

"ಅದನ್ನ ಹೇಳಾಕ ಇಷ್ಟ್ ದೂರ ಬಂದೀರಿ. ಹಂಗಾದ್ರ ಖರೆ ಇರ್ತದ" ಎಂದು ನೀವು ಎದ್ದು ಹೋಗಿ ದೀಪ ಶಾಂತ ಮಾಡಿದಿರಿ. ಆಮೇಲೆ ಕತ್ತಲಲ್ಲೇ ಕೂತು, ಕೈಯ ಬಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದಿರಿ.

ನೀವು ತೀರಿಕೊಂಡ ಸುದ್ದಿ ಬಂದ ವಾರ ಗೋಡೆಯ ಗಿಲಾವು ಕೆತ್ತಿಸಿದೆ. ಗೂಡು ಹಾಗೇ ಇದೆ. ಬಲ್ಬು ತೆಗೆಸಿದ್ದೇನೆ. ದಿನಾ ಸಂಜೆ ನಾನೇ ಎಣ್ಣೆ ಹಾಕಿ ದೀಪ ಹಚ್ಚಿ ಹೊಸ್ತಿಲ ಬಳಿ ಕೂರುತ್ತೇನೆ. ಅವರು ಇನ್ನೊಮ್ಮೆ ಬಂದು ಕೇಳಿದರೆ, ಅಂಗಡಿ ಇದೇ ಎಂದು ಹೇಳುತ್ತೇನೆ. ನೀವೆಲ್ಲಿ ಎಂದು ಕೇಳಿದರೆ ಅದನ್ನೂ ನಾನೇ ಹೇಳಬೇಕು.