ಪೂಜೆಗೆಂದು ಮಲಗಿಸಿದ ಲ್ಯಾಪ್‌ಟಾಪ್

ಕಾರ್ಕಳದ ಬಸ್‌ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿರುವ ಚಂಪಾ ಕಾಪುವಿನಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವಳು. ಮಾತು ಜಾಸ್ತಿ, ಕೆಲಸ ಅದಕ್ಕಿಂತ ಜಾಸ್ತಿ. ಸುತ್ತಲಿನ ಗೃಹಪ್ರವೇಶದ ಕರೆಯೋಲೆಗಳಲ್ಲಿ ಅರ್ಧದಷ್ಟು ಅವಳ ಕೈಯಲ್ಲೇ ಆಗುತ್ತವೆ. ಇಂಥವಳಿಗೂ ಒಂದು ಸೋಮಾರಿತನವಿತ್ತು. ಲ್ಯಾಪ್‌ಟಾಪನ್ನು ಎಂದೂ ಪೂರ್ತಿ ಆರಿಸುತ್ತಿರಲಿಲ್ಲ. ಸಂಜೆ ಮುಚ್ಚಳ ಮುಚ್ಚುವುದು, ಬೆಳಿಗ್ಗೆ ತೆರೆಯುವುದು, ಅಪ್‌ಡೇಟ್ ಮಾಡಲೇ ಎಂದು ಅದು ಕೇಳಿದಾಗಲೆಲ್ಲ ಆಮೇಲೆ ನೋಡುವ ಎಂದು ದಾಟಿಸುವುದು.

ಆಯುಧಪೂಜೆಯ ದಿನ ಮಾತ್ರ ಹಾಗೆ ಮಾಡಲಾದೀತೆ? ಅಂದು ದುಡಿಯುವ ಸಾಮಾನಿಗೆಲ್ಲ ರಜೆ. ಜೆರಾಕ್ಸ್ ಯಂತ್ರ, ಪೇಪರ್ ಕಟರ್, ಲ್ಯಾಮಿನೇಶನ್ ಯಂತ್ರ ಎಲ್ಲವನ್ನೂ ಒರೆಸಿ, ಗಂಧ ಹಚ್ಚಿ, ಹೂವಿಟ್ಟಳು. ಲ್ಯಾಪ್‌ಟಾಪ್ ಮಾತ್ರ ಮುಚ್ಚಳದೊಳಗೆ ಅರೆನಿದ್ದೆಯಲ್ಲಿತ್ತು. ಅರೆನಿದ್ದೆಗೆ ವಿಶ್ರಾಂತಿ ಎನ್ನುತ್ತಾರೆಯೇ ಎಂದುಕೊಂಡು, ಕೊಂಡ ಮೇಲೆ ಮೊದಲ ಸಲ ಅದನ್ನು ಪೂರ್ತಿ ಆರಿಸಿ, ಮೇಲೊಂದು ಮಲ್ಲಿಗೆಯ ಚೆಂಡು ಇಟ್ಟು ಕೈಮುಗಿದಳು.

ಮರುದಿನ ಗುಂಡಿ ಒತ್ತಿದರೆ ಕಪ್ಪು ಪರದೆ, ನಡುವೆ ಪುಟ್ಟ ಬೀಗದ ಚಿತ್ರ. ಅವಳ ಪಾಸ್‌ವರ್ಡ್ ಹಾಕಿದರೆ ತಪ್ಪು ಎಂದಿತು. ಪೂಜೆ ಮಾಡಿಸಿಕೊಂಡು ಒಡತಿಯನ್ನೇ ಹೊರಗೆ ನಿಲ್ಲಿಸುವ ದೇವರನ್ನು ಅವಳು ಕಂಡದ್ದು ಇದೇ ಮೊದಲು.

ಬಸ್ ಹತ್ತಿ ಉಡುಪಿಗೆ ಹೋದಳು. ರಿಪೇರಿಯ ಯಶ್ವಂತ್ ಒಂದು ನೋಟಕ್ಕೇ ತಲೆ ಅಲ್ಲಾಡಿಸಿದ.

"ಇದು ವಿಂಡೋಸಿನ ಬೀಗ ಅಲ್ಲ ಅಕ್ಕ, ಯಂತ್ರದ ಬುಡದಲ್ಲೇ ಹಾಕಿದ್ದು. ಮೊದಲಿನವರು ಹಾಕಿರಬೇಕು. ನೀವು ಆಫ್ ಮಾಡದ ಕಾರಣ ಇಷ್ಟು ದಿನ ಕೇಳಲಿಲ್ಲ. ಬಿಲ್ ಉಂಟಾ?"

"ಸೆಕೆಂಡ್ ಹ್ಯಾಂಡ್ ಮಾರಾಯ, ಬಿಲ್ ಎಲ್ಲಿಂದ?"

"ಹಾಗಾದರೆ ಕಂಪೆನಿಯವರೂ ತೆಗೆಯುವುದಿಲ್ಲ, ನಾನೂ ಮುಟ್ಟುವುದಿಲ್ಲ. ಬೇಜಾರು ಮಾಡಬೇಡಿ, ಕದ್ದ ಮಾಲು ಬರುವುದೂ ಹೀಗೆಯೇ. ಕೊಟ್ಟವರನ್ನೇ ಕೇಳಿ ನೋಡಿ."

ಕೊಟ್ಟವರು ಹುಸೇನಪ್ಪ. ಕೊಪ್ಪಳದ ಕಡೆಯವರು, ನಿಟ್ಟೆಯ ಒಂದು ಹಾಸ್ಟೆಲಿನಲ್ಲಿ ಕಾವಲುಗಾರರು. ಆಧಾರ್ ಜೆರಾಕ್ಸಿಗೆಂದು ಅಂಗಡಿಗೆ ಬಂದು ಬಂದು, ಅವರ ಮನೆಯ ಜೋಳದ ರೊಟ್ಟಿ ಇಲ್ಲಿಗೂ ಇಲ್ಲಿಯ ಪತ್ರೊಡೆ ಅಲ್ಲಿಗೂ ಹೋಗುವಷ್ಟು ಸಲುಗೆ ಬೆಳೆದಿತ್ತು. ಚಂಪಾಳ ಹಳೆಯ ಕಂಪ್ಯೂಟರ್ ಸತ್ತಾಗ, ಹಾಸ್ಟೆಲಿನಲ್ಲಿದ್ದು ಓದು ಮುಗಿಸಿದ ಹುಡುಗಿಯೊಬ್ಬಳು ಮಾರುತ್ತಿದ್ದಾಳೆಂದು ಇದನ್ನು ತಂದುಕೊಟ್ಟವರು ಅವರೇ.

"ನಾನು ಆಗಲೇ ಹೇಳಿದ್ದೆ. ಎಲ್ಲಿಂದಲೋ ಬಂದವರನ್ನು ನಂಬಬಾರದು" ಎಂದ ಗಂಡ ಪ್ರವೀಣ್. ಆಗ ಅವನು ಏನೂ ಹೇಳಿರಲಿಲ್ಲ. ಆದರೂ ಮಾತು ನಾಟಿತು.

ಒಮ್ಮೆ ಅನುಮಾನದ ಹುಳ ಹೊಕ್ಕರೆ ಸುಮ್ಮನಿರುತ್ತದೆಯೇ? ಕೇಳಿದರೆ ನೀವು ಕಳ್ಳರು ಎಂದ ಹಾಗಾಗುತ್ತದೆ. ಕೇಳದಿದ್ದರೆ ಇನ್ನು ಆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಲ್ಯಾಪ್‌ಟಾಪ್ ಹೋದರೆ ಇನ್ನೊಂದು ಬಂದೀತು, ಇಂಥ ಸ್ನೇಹ ಹೋದರೆ ಎಲ್ಲಿಂದ ತರುವುದು? ಚಂಪಾಳಿಗೆ ನಿಜಕ್ಕೂ ಹೆದರಿಕೆಯಾಯಿತು. ಕೊನೆಗೆ ಮಾರನೆಯ ಬೆಳಿಗ್ಗೆ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ನಿಟ್ಟೆಗೆ ಹೊರಟಳು.

"ಯಾಕ್ರೀ ಅಕ್ಕಾರ, ಮಾರಿ ಸಣ್ಣ ಆಗೇತಿ?" ಎಂದು ಗೇಟಿನಲ್ಲೇ ಕೇಳಿದರು ಹುಸೇನಪ್ಪ.

ದಾರಿಯುದ್ದಕ್ಕೂ ಜೋಡಿಸಿಟ್ಟ ನಯದ ಮಾತೆಲ್ಲ ಮರೆತುಹೋಯಿತು. "ಹುಸೇನಪ್ಪನವರೇ, ಈ ಲ್ಯಾಪ್‌ಟಾಪ್ ನಿಜವಾಗಿ ಯಾರದ್ದು? ಇದು ಪಾಸ್‌ವರ್ಡ್ ಕೇಳುತ್ತಾ ಉಂಟು."

ಅವರು ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಫೋನ್ ತೆಗೆದು ಸ್ಪೀಕರ್ ಹಾಕಿದರು. ಎತ್ತಿದವಳು ಮಾರಿದ ಹುಡುಗಿ ಅನ್ವಿತಾ. ಈಗ ಪರ್ಕಳದಲ್ಲಿ ರೂಮು ಮಾಡಿಕೊಂಡು ಮಣಿಪಾಲದಲ್ಲಿ ಮುಂದಿನ ಓದು ಓದುತ್ತಿದ್ದಳು.

"ಅಯ್ಯೋ, ಅದನ್ನು ತೆಗೆದು ಕೊಡಲು ಮರೆತೇ ಬಿಟ್ಟೆ ಅಣ್ಣ" ಎಂದವಳು ತಡವರಿಸಿದಳು. "ಫೋನ್ ಅಕ್ಕನಿಗೆ ಕೊಡಿ. ಸ್ಪೀಕರ್ ಬೇಡ."

 ಚಂಪಾ ಫೋನ್ ಹಿಡಿದು ಗೋಡೆಯ ಮಗ್ಗುಲಿಗೆ ಹೋದಳು.

"ಅವರ ಎದುರು ಹೇಳಲು ನಾಚಿಕೆ ಅಕ್ಕ" ಎಂದಳು ಅನ್ವಿತಾ. "ಎಲ್ಲಿಯೋ ಲ್ಯಾಪ್‌ಟಾಪ್ ಕಳವಾಯಿತು ಎಂದು ಅವರು ಪೇಪರಿನಲ್ಲಿ ಓದಿದಾಗಿನಿಂದ, ಗೇಟಿನಲ್ಲಿ ಕಂಡಾಗಲೆಲ್ಲ ಬೀಗ ಹಾಕಿದಿರಾ, ಬೀಗ ಹಾಕಿದಿರಾ ಎಂದು ಒಂದೇ ಕಾಟ. ತಡೆಯಲಾರದೆ ಇದನ್ನು ಹಾಕಿದೆ. ಮರೆಯಬಾರದೆಂದು ಅವರ ಹೆಸರನ್ನೇ ಇಟ್ಟೆ."

ಗೇಟಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಂಪಾ ಹುಸೇನಪ್ಪ ಎಂದು ಒತ್ತಿದಳು. ಕಪ್ಪು ಪರದೆ ಸರಿದು, ಅರ್ಧ ಮಾಡಿಟ್ಟ ಕರೆಯೋಲೆ ಸಮೇತ ಎಲ್ಲವೂ ಇದ್ದ ಹಾಗೆಯೇ ಸಿಕ್ಕಿತು. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಹುಡುಗಿಯ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವಳಿಂದ ಆಗಲಿಲ್ಲ.

"ನಿಮ್ಮದೇ ಹೆಸರು" ಎಂದಳು. "ನಾನು ನಿನ್ನೆ ಇಡೀ ನಿಮ್ಮನ್ನು ಅನುಮಾನಿಸಿದೆ."

"ನೀವು ಗೇಟಿಗೆ ಬಂದಾಗ್ಲೇ ಗೊತ್ತಾತ್ರಿ" ಎಂದರು ಹುಸೇನಪ್ಪ. "ಮನಸಿಗೆ ಚುರ್ ಅಂತು, ಸುಳ್ಳ ಯಾಕ ಹೇಳ್ಲಿ. ಆದ್ರ ಬ್ಯಾರೇದವ್ರ ಮುಂದ ಹೋಗ್ಲಿಲ್ಲ, ನನ್ನ ಮುಂದ ಬಂದು ಕೇಳಿದ್ರಲ್ಲ, ಸಾಕ ಬಿಡ್ರಿ. ಚಾ ಕುಡದು ಹೋಗ್ರಿ."

ಬೀಗ ತೆಗೆಯುವ ಕ್ರಮವನ್ನೂ ಅನ್ವಿತಾ ಹೇಳಿಕೊಟ್ಟಿದ್ದಳು. ಚಂಪಾ ತೆಗೆಯಲಿಲ್ಲ, ಬದಲಿಗೆ ದಿನಾ ಸಂಜೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸತೊಡಗಿದಳು. ಮರುವಾರ ಅವಳಿಗಿಂತ ಮೊದಲೇ ಅಂಗಡಿ ತೆರೆದ ಪ್ರವೀಣ್, ಏನನ್ನೋ ಪ್ರಿಂಟ್ ತೆಗೆಯಬೇಕೆಂದು ಫೋನ್ ಮಾಡಿ ಪಾಸ್‌ವರ್ಡ್ ಕೇಳಿದ. ಅವಳು ಹೇಳಿದಳು. ಆ ಕಡೆಯಿಂದ ಒಂದೊಂದೇ ಕೀಲಿ ಒತ್ತುವ ಸದ್ದು ಕೇಳಿಸಿತು.

"ತೆರೆಯಿತಾ?" ಎಂದು ಕೇಳಿದಳು.

"ತೆರೆಯಿತು" ಎಂದ ಪ್ರವೀಣ್. ಮತ್ತೆ, "ಭಾನುವಾರ ಅವರಿಗೆ ಡ್ಯೂಟಿ ಉಂಟಾ ಕೇಳು. ಇಲ್ಲದಿದ್ದರೆ ಮನೆಯವರನ್ನೆಲ್ಲ ಕರೆದುಕೊಂಡು ಊಟಕ್ಕೆ ಬರಲಿ" ಎಂದ.