ಉಣ್ಣುವ ಮಗುವನ್ನು ನೋಡುವುದು

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋಗಿ, ಮಕ್ಕಳಿಗೆ ಮಲೇರಿಯಾ ಮಾತ್ರೆ ನುಂಗಿಸುವುದು ಹೇಗೆಂದು ದೊಡ್ಡವರಿಗೆ ಹೇಳಿಕೊಡುವುದು ನನ್ನ ಉದ್ಯೋಗ. 'ಅದಕ್ಕೂ ತರಬೇತಿ ಬೇಕೇ?' ಎಂದು ನೆಂಟರು ನಗುತ್ತಾರೆ. ನಾನು ಸುಮ್ಮನಿರುವ ಪೈಕಿಯಲ್ಲ. ನಾಲ್ಕು ವರ್ಷದ ಮಗುವಿಗೆ ಆ ಕಹಿ ಮಾತ್ರೆ ಒಮ್ಮೆ ನುಂಗಿಸಿ, ಆಮೇಲೆ ಮಾತಾಡಿ ಎನ್ನುತ್ತೇನೆ.

ನಮ್ಮ ಕಡೆ ಈಗ ಮಲೇರಿಯಾ ಅಪರೂಪ. ಕರಾವಳಿಗೆ ಕಟ್ಟಡದ ಕೆಲಸಕ್ಕೆಂದು ಹೋದವರು ಒಮ್ಮೊಮ್ಮೆ ಊರಿಗೆ ಬರುವಾಗ ಜ್ವರವನ್ನೂ ಜೊತೆಗೆ ತರುತ್ತಾರೆ. ಅಪರೂಪದ್ದು ಬೇಗ ಮರೆತುಹೋಗುತ್ತದೆ, ಅದಕ್ಕೇ ಆಶಾ ಕಾರ್ಯಕರ್ತೆಯರಿಗೆ ಈ ತರಬೇತಿ.

ತರಬೇತಿಯೆಂದರೆ ಅದೊಂದು ಸಂತೆ. ಕನ್ನಡದಲ್ಲಿ ಶುರುವಾದ ಪ್ರಶ್ನೆ ತೆಲುಗಿನಲ್ಲಿ ಹೊರಳಿ ತಮಿಳಿನಲ್ಲಿ ಮುಗಿಯುತ್ತದೆ. ಆ ಸಲ ಮಗುವಿನ ಪಾತ್ರ ಮಾಡಿದ ದಪ್ಪಗಿನ ಹೆಂಗಸು ಕಾಲು ಬಡಿದು ಅತ್ತು, ಮಾತ್ರೆಯ ಬದಲು ಕೊಟ್ಟ ಪೆಪ್ಪರಮಿಂಟನ್ನೂ ಉಗಿದಳು. ನಗು ನಿಂತ ಮೇಲೆ ನಾನು ಹೇಳಬೇಕಾದ್ದನ್ನು ಹೇಳಿದೆ: ಕಣ್ಣೆದುರೇ ನುಂಗಿಸಿ, ಅರ್ಧ ಗಂಟೆ ಕಾಯಿರಿ, ವಾಂತಿಯಾದರೆ ಮತ್ತೆ ಕೊಡಿ.

ಬೇತಮಂಗಲದ ಕಡೆಯ ಒಬ್ಬ ಹೊಸಬಳು ಎದ್ದು ನಿಂತಳು. "ಪುಡಿ ಮಾಡಿ ಮುದ್ದೆ ತುತ್ತಲ್ಲಿ ಇಟ್ಟು ಕೊಟ್ರೆ ಆಗಲ್ವಾ ಮೇಡಂ? ಮುದ್ದೆ ಯಾರೂ ಅಗಿಯಲ್ವಲ್ಲ."

ಒಳ್ಳೆಯ ಉಪಾಯ. ತರಬೇತಿಗೆ ಬಂದಿದ್ದ ವೈದ್ಯರೂ ಒಪ್ಪಿದರು. ನಾನು ಎಲ್ಲರಿಗೂ ಅದನ್ನೇ ಹೇಳಿದೆ.

ಕೆಲವು ವಾರಗಳ ನಂತರ ಅದೇ ಹುಡುಗಿಯ ಫೋನು ಬಂತು. ಅವಳ ಊರಿನಲ್ಲಿ ಮಂಗಳೂರಿನಿಂದ ಮರಳಿದ ಕುಟುಂಬವೊಂದರ ಗಂಡುಮಗುವಿಗೆ ಮಲೇರಿಯಾ. ರಕ್ತ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟವಳೂ ಅವಳೇ.

"ಜ್ವರ ಬುಟ್ಟಿಲ್ಲ ಮೇಡಂ. ಮೂರು ದಿನಾನೂ ನಾನೇ ಓಗಿ ಕೊಟ್ಟಿದೀನಿ. ಅರ್ಧ ಗಂಟೆ ಕುಂತಿದ್ದೆ, ವಾಂತೀನೂ ಮಾಡ್ಲಿಲ್ಲ. ನನ್ ಮಾತ್ರೆ ಸರಿಯಿಲ್ಲ ಅಂತವ್ರೆ. ನಾಳೆ ಪೇಟೇಲಿ ಯಾರೋ ಸೂಜಿ ಆಕ್ತಾರಂತೆ, ಅಲ್ಲಿಗ್ ಕರ್ಕೊಂಡೋಗ್ತಾರಂತೆ."

ಯಾವುದೋ ಸೂಜಿಯಿಂದ ಜ್ವರ ಒಂದು ದಿನ ಅಡಗುತ್ತದೆ, ರೋಗ ಒಳಗೇ ಉಳಿಯುತ್ತದೆ, ಮಗು ಕೈ ತಪ್ಪುತ್ತದೆ. ನನಗೆ ಹೆದರಿಕೆಯಾಯಿತು. ಸಿಕ್ಕಿದ ಬಸ್ಸು ಹತ್ತಿ ಹೊರಟೆ.

ಮಗು ಅಜ್ಜಿಯ ತೊಡೆಯ ಮೇಲೆ ಅರೆಗಣ್ಣು ಮುಚ್ಚಿ ಮಲಗಿತ್ತು. ನೀರು ಕುಡಿಯುತ್ತಿತ್ತು, ಕರೆದರೆ ಓಗೊಡುತ್ತಿತ್ತು, ಅಷ್ಟೇ ಸಮಾಧಾನ. ಮಾತ್ರೆ ಹೇಗೆ ಕೊಟ್ಟಿರೋ ಹಾಗೇ ಒಮ್ಮೆ ಮಾಡಿ ತೋರಿಸಿ ಎಂದೆ. ಆಗಲೇ ಮುದ್ದೆ ಮಾಡಿದ್ದರು, ತಟ್ಟೆ ಬಂತು. ಹುಡುಗಿ ಮೊದಲ ತುತ್ತು ಮುರಿದು, ಮಾತ್ರೆ ಇಟ್ಟಂತೆ ಮಾಡಿ, ಅಜ್ಜಿಯ ಕೈಗಿತ್ತು, ಬಾಗಿಲ ಕಡೆ ಮುಖ ತಿರುಗಿಸಿದಳು. ಮಗು ಉಣ್ಣುವಾಗ ಹೊರಗಿನವರು ನೋಡಿದರೆ ದೃಷ್ಟಿಯಾಗುತ್ತದಲ್ಲ, ಅದು ಅವಳ ಮರ್ಯಾದೆ. ಮರ್ಯಾದೆಯಿಲ್ಲದ ನಾನು ನೋಡುತ್ತಲೇ ಇದ್ದೆ. ಅಜ್ಜಿ ಆ ತುತ್ತನ್ನು ಮಗುವಿನ ತಲೆ ಸುತ್ತ ನಿವಾಳಿಸಿ ಹಿತ್ತಲಿಗೆ ಎಸೆದಳು. ನಾಯಿ ಅದನ್ನು ಗಾಳಿಯಲ್ಲೇ ಹಿಡಿಯಿತು. ಎರಡನೆಯ ತುತ್ತು ಮಗುವಿಗೆ.

"ಆಯ್ತಾ ಅಜ್ಜಿ?" ಹುಡುಗಿ ಆ ಕಡೆ ನೋಡುತ್ತಲೇ ಕೇಳಿದಳು.

"ಊಂ, ನುಂಗ್ದ."

ನನಗೆ ನಗು ಉಕ್ಕಿ ಬಂತು. ಮಗುವಿನ ಮುಖ ನೋಡಿ ಅಲ್ಲೇ ನಿಂತಿತು. ಮೂರು ದಿನದ ಔಷಧಿಯೂ ನಾಯಿಯ ಪಾಲಾಗಿತ್ತು.

ವಿಷಯ ಹೇಳಿದೆ. ಅಜ್ಜಿಯ ಕೈ ತಟ್ಟೆಯಲ್ಲೇ ಉಳಿಯಿತು. "ಮಗೀಗ್ ಒಳ್ಳೇದಾಗ್ಲಿ ಅಂತ ನಿವಾಳಿಸ್ದೆ ಕಣಮ್ಮಾ. ಮದ್ದು ಆ ತುತ್ತಲ್ಲೇ ಐತೆ ಅಂತ ಗ್ಯಾನಕ್ಕೇ ಬರ್ಲಿಲ್ಲ. ನನ್ ಕೈಯಾರೆ ಮದ್ದು ತಪ್ಪಿಸ್ಬುಟ್ನಲ್ಲ."

"ನಿವಾಳಿಸೋದು ಬೇಡ ಅನ್ನಲ್ಲ ಅಜ್ಜಿ. ಬರೀ ತುತ್ತು ನಿವಾಳಿಸಿ, ಆಮೇಲಿನ ತುತ್ತಲ್ಲಿ ಮಾತ್ರೆ ಇಡೋಣ." ಹುಡುಗಿಗೂ ಹೇಳಿದೆ, "ಇನ್ನು ಮುಖ ತಿರುಗಿಸಬೇಡ, ನೋಡು."

ಅವಳು ನನ್ನನ್ನು ಜಗಲಿಗೆ ಕರೆದೊಯ್ದಳು. "ಎಂಗ್ ನೋಡ್ಲಿ ಮೇಡಂ? ಮದ್ವೆಯಾಗಿ ಇಷ್ಟು ವರ್ಷ ಆದ್ರೂ ನಂಗೆ ಮಕ್ಕಳಿಲ್ಲ. ನಾಳೆ ಆ ಮಗೀಗ್ ಏನಾರ ಆದ್ರೆ, ನನ್ ಕಣ್ಣೇ ಬಿತ್ತು ಅಂತಾರೆ."

ನನ್ನ ತರಬೇತಿಯಲ್ಲಿ ಆ ಪಾಠವಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಒಳಗೆ ಅಜ್ಜಿ ತಟ್ಟೆ ಸರಿಸಿದ ಸದ್ದು ನಮಗೆ ಕೇಳಿಸಿತು. ಜಗಲಿಗೂ ಆ ಕೋಣೆಗೂ ನಡುವೆ ಒಂದೇ ಗೋಡೆ.

ಅವತ್ತೇ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ವೈದ್ಯರು ನೋಡಿ, ಮೊದಲಿನಿಂದ ಶುರು ಮಾಡಿ ಎಂದು ಅಲ್ಲೇ ಮೊದಲ ದಿನದ್ದನ್ನು ಕೊಡಿಸಿದರು. ಮಾರನೆಯ ದಿನ ಅವಳು ಸೆರಗಿನ ಮರೆಯಿಂದ ಕದ್ದು ನೋಡಿದಳಂತೆ. ಮೂರನೆಯ ದಿನ ನಾನೂ ಹೋದೆ. ಜ್ವರ ಇಳಿದಿತ್ತು. ಮಗು ಎದ್ದು ಕೂತು, ಸಾರು ಸಾಲದೆಂದು ಅಜ್ಜಿಯ ಹತ್ತಿರ ಜಗಳವಾಡುತ್ತಿತ್ತು.

ಬರೀ ತುತ್ತು ನಾಯಿಗೆ ಹೋಯಿತು. ಹುಡುಗಿ ಎರಡನೆಯ ತುತ್ತಿನಲ್ಲಿ ಪುಡಿ ಇಟ್ಟು ಅಜ್ಜಿಯ ಕೈಗಿತ್ತು, ತಲೆ ತಗ್ಗಿಸಿ ಸೆರಗು ಎಳೆದುಕೊಂಡಳು. ಅಜ್ಜಿ ತುತ್ತನ್ನು ಹಾಗೇ ಕೈಯಲ್ಲಿ ಹಿಡಿದು ಕೂತಳು.

"ಅಲ್ಲೇನ್ ನೋಡ್ತೀಯಮ್ಮಾ? ಈ ಕಡೆ ತಿರುಗು. ನೀನು ನೋಡಿದ್ರೇನೇ ನಾನು ಇಕ್ಕೋದು."

ಅವಳು ತಿರುಗಿದಳು. ತುತ್ತು ಗಂಟಲಲ್ಲಿ ಇಳಿಯುವವರೆಗೂ ಮಗುವಿನಿಂದ ಕಣ್ಣು ತೆಗೆಯಲಿಲ್ಲ.