ಮೂರು ಸಲ ಅಳಿಸಿದ ಸಾಲು

ಆ ಮಂಗಳವಾರ ಮಧ್ಯಾಹ್ನ ಆಫೀಸಿನ ಊಟದ ಮೇಜಿಗೆ ಕೂತವರು ಇಬ್ಬರೇ, ನಾನು ಮತ್ತು ನಮ್ಮ ಸರ್. ನಡುವೆ ನಮ್ಮ ಅತ್ತೆ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಡಬ್ಬಿ. ಸರ್ ರಾಯಚೂರು ಕಡೆಯವರು. ಹೈದರಾಬಾದಿಗೆ ಬಂದು ಎಷ್ಟು ವರ್ಷವಾದರೂ ರೊಟ್ಟಿ ಕಂಡರೆ ಕರೆಯದೆಯೇ ಬಂದು ಕೂರುತ್ತಿದ್ದರು. ಅಂದೂ ಕೂತು, ನನ್ನ ರೊಟ್ಟಿ ಮುರಿಯುತ್ತಲೇ ಹೇಳಿದರು:

"ನಿನ್ನ ಆ ಸಾಲು ತೆಗದೀನವ್ವ."

ಮೂರನೆಯ ಸಲ!

"ಯಾಕ್ರಿ ಸರ್?"

"ಮ್ಯಾಲೆ ನಂಬರ್ ಬರೋಬ್ಬರಿ ಐತೋ ಇಲ್ಲೋ ನೋಡೀವಿ. ಕೆಳಗ ಮತ್ತ್ಯಾಕ? ಒಂದ ಬಾಗಲಕ್ಕ ಎರಡು ಚಿಲಕ ಹಾಕ್ತಾರೇನು?"

ಕೋಡಿನಲ್ಲಿ ಹೆಚ್ಚಿನ ಸಾಲು ಕಂಡರೆ ಸರ್‌ಗೆ, ನಮ್ಮಜ್ಜಿಗೆ ಜೇಡರ ಬಲೆ ಕಂಡ ಹಾಗೆ. ಕಸಬರಿಗೆ ಕೈಗೆ ಬಂದೇ ಬಿಡುತ್ತಿತ್ತು.

ನಾವು ನೋಡಿಕೊಳ್ಳುತ್ತಿದ್ದದ್ದು ಕರ್ನಲ್, ಅಂದರೆ ಕಂಪ್ಯೂಟರಿನ ತಿಜೋರಿ ಇರುವ ಒಳಕೋಣೆ. ಹೊರಗಿನ ಪ್ರೋಗ್ರಾಮು ಬಾಗಿಲಲ್ಲಿ ನಿಂತು, ಪಟ್ಟಿಯಲ್ಲಿ ಇಷ್ಟನೆಯದು ಕೊಡಿ ಎಂದು ನಂಬರು ಹೇಳಬೇಕು. ಅದು ಪಟ್ಟಿಯೊಳಗಿನ ನಂಬರೇ ಎಂದು ನೋಡಿದ ಮೇಲಷ್ಟೇ ಕರ್ನಲ್ ಕೊಡಬೇಕು. ಶುಕ್ರವಾರ ಈ ಕರ್ನಲ್ ಹೋಗಲಿದ್ದ ಕಂಪ್ಯೂಟರನ್ನು ಜೀಡಿಮೆಟ್ಲಾದ ಎರಡು ಔಷಧಿ ಕಾರ್ಖಾನೆಗಳು ಹಂಚಿಕೊಂಡಿದ್ದವು. ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ನನ್ನ ಸಾಲು ಇಲ್ಲದಿದ್ದರೆ ಒಬ್ಬರ ಗುಟ್ಟು ಇನ್ನೊಬ್ಬರ ಕೈಗೆ. ಇದನ್ನು ಎರಡು ಸಲ ಬರೆದು ತಿಳಿಸಿದ್ದೆ. ಸರ್ ಎರಡು ಸಲವೂ ಹೆಬ್ಬೆರಳಿನ ಚಿತ್ರ ಕಳಿಸಿ, ಸಾಲು ತೆಗೆದಿದ್ದರು.

ಈ ಸಲ ಬಾಯಲ್ಲೇ ಹೇಳೋಣವೆಂದು ಅತ್ತೆಯ ಚಹಾದ ಕತೆ ತೆಗೆದೆ.

ಸನತ್‌ನಗರದ ನಮ್ಮ ಅಡುಗೆಮನೆಯ ಕಿಟಕಿಗೆ ಬಸ್ ಸ್ಟಾಪು ಕಾಣುತ್ತದೆ. ಅತ್ತೆ ಕರೆಗಂಟೆಗೆ ಕಾಯುವವರಲ್ಲ. ಬಸ್ಸು ನಿಂತರೆ ಸಾಕು, ಇಳಿದವರು ಇಂಥವರೇ ಎಂದು ಅಂದಾಜು ಮಾಡಿ ಅವರವರಿಗೆ ಒಗ್ಗುವ ಚಹಾ ಇಟ್ಟುಬಿಡುತ್ತಾರೆ. ಅಂದಾಜು ತಪ್ಪಿದರೆ ಬಚ್ಚಲಿಗೆ. ನನ್ನ ತಂಗಿಯನ್ನು ನೋಡಲು ಬೀದರಿನಿಂದ ಗಂಡಿನವರು ಬರಬೇಕಿದ್ದ ದಿನವೂ ಹೀಗೇ ಯಾಲಕ್ಕಿ ಜಜ್ಜಿ ಹಾಕಿದರು. ನಮ್ಮಲ್ಲಿ ಯಾಲಕ್ಕಿ ಚಹಾ ಬೀಗರಾಗುವವರಿಗೆ ಮಾತ್ರ. ಇಳಿದವರು ಬೇರೆ ಯಾರೋ. ಬೀದರಿನವರು ಬರಲೇ ಇಲ್ಲ, ಚಹಾ ಚೆಲ್ಲಿದ್ದಾಯಿತು. ಸಂಜೆ ಎದುರುಮನೆಯಾಕೆ ಬಂದು, "ಯಾಲಕ್ಕಿ ಘಮ ಬಂತಲ್ರಿ, ಬೀಗರು ಬರ್ಲಿಲ್ಲೇನು?" ಅಂದರು. ಹೊಸ್ತಿಲು ಯಾರೂ ತುಳಿಯಲಿಲ್ಲ, ಗುಟ್ಟು ಮಾತ್ರ ಹೊರಗೆ ಹೋಯಿತು.

"ಪ್ರೊಸೆಸರ್ ನಮ್ಮ ಅತ್ತಿ ಇದ್ದಂಗ್ರಿ ಸರ್," ಎಂದೆ. "ನಂಬರ್ ನೋಡೂದು ಮುಗಿಯೂತನಕಾ ಕಾಯಂಗಿಲ್ಲ. ಬರೋಬ್ಬರಿ ಇರಬೇಕು ಅಂತ ಅಂದಾಜ್ ಮಾಡಿ ಮುಂದ ಓಡಿ, ಒಳಗಿನ ಗುಟ್ಟು ಮುಟ್ಟತೈತಿ. ತಪ್ಪಂತ ಗೊತ್ತಾದ ಮ್ಯಾಲೆ ಚೆಲ್ಲತೈತಿ, ಖರೇ. ಆದ್ರ ಘಮ ಕ್ಯಾಶ್ ಅನ್ನೋ ಅದರ ಕೈಯಳತಿ ಡಬ್ಬ್ಯಾಗ ಉಳೀತೈತಿ. ಯಾವ್ದು ಲಗೂನ ಸಿಗತೈತಿ ಅಂತ ಗಡಿಯಾರ ಹಿಡಕೊಂಡು ಕಳ್ಳ ಅದನ್ನ ಪತ್ತೆ ಹಚ್ಚತಾನ. ನನ್ನ ಸಾಲು ಅಂದಾಜಿನಾಗೂ ನಂಬರ್ ಪಟ್ಟಿ ದಾಟದಂಗ ಹಿಡೀತೈತಿ."

ಸರ್ ಸಾವಕಾಶವಾಗಿ ಕೊನೆಯ ತುತ್ತು ನುಂಗಿದರು. ನನಗೆ ಆಸೆ ಹುಟ್ಟಿತು.

"ಹಂಗಾರ ಅತ್ತಿಗೆ ಯಾಲಕ್ಕಿ ಹಾಕಬ್ಯಾಡ ಅಂತ ಹೇಳು," ಅಂದರು. "ತಂಗಿ ಲಗ್ನ ಆಮ್ಯಾಲೆ ಆತಿಲ್ಲೋ?"

ಹಣೆ ಚಚ್ಚಿಕೊಳ್ಳೋಣವೆಂದರೆ ಗೋಡೆ ದೂರವಿತ್ತು.

ಮನೆಗೆ ಬಂದು ಅತ್ತೆಯ ಮುಂದೆ ಗೋಳಾಡಿದೆ. "ಕ್ವಾಣನ ಮುಂದ ಕಿನ್ನರಿ ಬಾರಿಸಿ ಬಂದಿ ನೋಡು," ಎಂದು ನಕ್ಕರು. "ಅದಿರ್ಲಿ, ನನ್ನ ಚಹಾದ ಸುದ್ದಿ ಆಫೀಸಿನ ಮಂದಿಗೆ ಯಾಕ ಹೇಳಿದಿ?"

ಬುಧವಾರ, ಗುರುವಾರ ಹಲ್ಲು ಕಚ್ಚಿಕೊಂಡು ಒಂದು ಸಣ್ಣ ಪ್ರೋಗ್ರಾಮು ಬರೆದೆ. ಕರ್ನಲಿನೊಳಗೆ ನಾನೇ ಬಚ್ಚಿಟ್ಟ ಪದವೊಂದನ್ನು ಹೊರಗೆ ನಿಂತು ಕದಿಯುವುದು ಅದರ ಕೆಲಸ. ಮೊದಲು ಸರಿಯಾದ ನಂಬರನ್ನೇ ಕೇಳಿ ಕೇಳಿ ಪ್ರೊಸೆಸರಿಗೆ ನಂಬಿಕೆ ಹುಟ್ಟಿಸುತ್ತಿತ್ತು, ಆಮೇಲೆ ಪಟ್ಟಿಯಾಚೆಯದನ್ನು ಕೇಳುತ್ತಿತ್ತು. ಶುಕ್ರವಾರ ಬೆಳಿಗ್ಗೆ ಸರ್ ಮುಂದೆಯೇ, ಅವರು ಕಸ ಹೊಡೆದ ಕರ್ನಲಿನ ಮೇಲೆ ಅದನ್ನು ಓಡಿಸಿದೆ. ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿ, ಯಾಲಕ್ಕಿ ಎಂದು ಬಂತು.

"ಇದೆಲ್ಲಿಂದ ಬಂತು?"

"ಒಳಗಿಂದ್ರಿ. ಚೆಲ್ಲಿದ ಚಹಾದಾಗಿಂದ."

"ಇನ್ನೊಮ್ಮೆ ಓಡಸು."

ಮತ್ತೆ ಯಾಲಕ್ಕಿ. ನನ್ನ ಸಾಲು ಸೇರಿಸಿ ಓಡಿಸಿದೆ. ಬರೀ ಪ್ರಶ್ನೆಚಿಹ್ನೆಗಳು. ಸರ್ ತಪ್ಪಾಯಿತು ಅನ್ನಲಿಲ್ಲ, ಅನ್ನುವವರೂ ಅಲ್ಲ. ಸಾಲು ಇರುವ ಕರ್ನಲನ್ನೇ ಜೀಡಿಮೆಟ್ಲಾಕ್ಕೆ ಕಳಿಸಿ, "ಸೋಮವಾರ ರೊಟ್ಟಿ ಜೋಡಿ ಶೇಂಗಾ ಚಟ್ನಿ ಇರ್ಲಿ," ಅಂದರಷ್ಟೆ.

ಎರಡು ತಿಂಗಳ ನಂತರ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಮೇಲೆ ನೋಡಿದ್ದಾಗಿದೆಯಲ್ಲ ಎಂದು ಅದೇ ಸಾಲನ್ನು ತೆಗೆದು ಕಳಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಸರ್ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಇವ್ರ ಮನ್ಯಾಗ ಒಬ್ರು ಅತ್ತಿ ಅದಾರ," ಎಂದು ಶುರು ಮಾಡಿದರು.